ಆಯಿಲ್ ಇಳಿಸುವ ಮೊದಲು ತುಂಬುವ ದಾರಿ ನೋಡಿಕೊಳ್ಳಿ
ವಾಹನ ಪ್ರಶ್ನೋತ್ತರ: ಈ ಸಲ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್

ಪ್ರಶ್ನೆ: ನಮ್ಮದು 2006ರ ಕೊರೋಲಾ ಆಟೊಮ್ಯಾಟಿಕ್, 1,10,000 ಕಿ.ಮೀ. ಓಡಿದೆ. ಗಿಯರ್‌ಬಾಕ್ಸ್ ಆಯಿಲ್ ಒಮ್ಮೆಯೂ ಬದಲಿಸಿಲ್ಲ. ‘ಅದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ’ ಅನ್ನುತ್ತಾರೆ ಗ್ಯಾರೇಜಿನವರು. ಎಂಜಿನ್ ಆಯಿಲ್ ಮನೆಯಲ್ಲೇ ಬದಲಿಸಿ ಅಭ್ಯಾಸವಿದೆ. ಇದನ್ನೂ ಫಿಲ್ಟರ್ ಸಮೇತ ಮಾಡಿಕೊಳ್ಳಬಹುದೇ?
– ಓದುಗರು, ಹಾಸನ

ಉತ್ತರ: ಮಾಡಿಕೊಳ್ಳಬಹುದು, ಮಾಡಲೇಬೇಕು. ಈ ಆಯಿಲ್ ಗಿಯರಿಗೆ ಜಾರಿಕೆ ಕೊಡುವುದಷ್ಟೇ ಅಲ್ಲ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ, ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗಿಯರ್‌ಬಾಕ್ಸಿಗೂ ನಡುವೆ ಇರುವ, ಆಯಿಲ್ ತುಂಬಿದ ಜೋಡಣೆ) ಮೂಲಕ ಎಂಜಿನ್ನಿನ ಶಕ್ತಿ ಸಾಗಿಸುವುದೂ, ಬಿಸಿ ಹೊರಗೆ ಹಾಕುವುದೂ ಇದೇ. ಶಿರಾಡಿ ಘಾಟಿ ಹತ್ತುವಾಗ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ತೆವಳುವಾಗ ಅದು ಕಾಯುತ್ತದೆ, ಕಾದಷ್ಟೂ ಬೇಗ ಕೆಡುತ್ತದೆ. 60,000 ಕಿ.ಮೀ.ಗೆ ಒಮ್ಮೆ ಬದಲಿಸುವುದು ನಮ್ಮ ರಸ್ತೆಗಳಿಗೆ ಸರಿಯಾದ ಲೆಕ್ಕ.

ಮೊದಲು ಗಿಯರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ, ಎಂಜಿನ್ನಿನದಲ್ಲ. ಯಾವ ಆಯಿಲ್ ಎಂಬುದನ್ನು ಟೊಯೋಟಾದವರು ಅದರ ಮೇಲೇ ಅಚ್ಚೊತ್ತಿರುತ್ತಾರೆ. ‘ಟಿ-ಫೋರ್’ (T-IV) ಎಂದಿದ್ದರೆ ಟಿ-ಫೋರ್ ಅಥವಾ ಅದಕ್ಕೆ ಹೊಂದುತ್ತದೆಂದು ಡಬ್ಬಿಯ ಮೇಲೆ ಬರೆದದ್ದನ್ನೇ ತನ್ನಿ. ಹೊಸ ಕಾರುಗಳ ‘ಡಬ್ಲ್ಯುಎಸ್’ (WS) ಆಯಿಲ್ ಇನ್ನೂ ತೆಳು, ಅದನ್ನು ಇದಕ್ಕೆ ಹಾಕಬಾರದು. ಎಲ್ಲಾ ಕೆಂಪಗೇ ಇರುತ್ತವೆ, ಬಣ್ಣ ನೋಡಿ ಕೊಳ್ಳಬೇಡಿ. ಪ್ಯಾನ್ (ಗಿಯರ್‌ಬಾಕ್ಸಿನ ತಳದ ತಟ್ಟೆ) ಗ್ಯಾಸ್ಕೆಟ್, ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್ ನಿಮ್ಮ ಮಾಡೆಲ್ ನಂಬರಿಗೆ ಹೊಂದುವಂಥವು ಕೈಯಲ್ಲಿರಲಿ. ಹಳೆಯ ಗ್ಯಾಸ್ಕೆಟ್ ಹರಿದ ಮೇಲೆ ಹೊಸದಕ್ಕೆ ಪೇಟೆ ಸುತ್ತುವ ಸ್ಥಿತಿ ಬಂದರೆ ಕಾರು ಅಲ್ಲೇ ಕೂರುತ್ತದೆ.

ಹಾಗೆಯೇ ಆಯಿಲ್ ಎಲ್ಲಿಂದ ತುಂಬಬೇಕು, ಆ ದಾರಿ ತೆರೆಯುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಇಳಿಸುವ ಬೋಲ್ಟಿಗೆ ಕೈಹಾಕಿ. ನಿಮ್ಮ ಕಾರಿಗೆ ಡಿಪ್‌ಸ್ಟಿಕ್ ಕೊಳವೆಯೇ ದಾರಿ, ಚಿಂತೆಯಿಲ್ಲ. ಡಿಪ್‌ಸ್ಟಿಕ್ ಇಲ್ಲದ ಕಾರುಗಳಲ್ಲಿ ತುಂಬುವ ಬೋಲ್ಟ್ ತುಕ್ಕು ಹಿಡಿದು ತಿರುಗದಿದ್ದರೆ ಖಾಲಿ ಗಿಯರ್‌ಬಾಕ್ಸ್ ಇಟ್ಟುಕೊಂಡು ಟೋಯಿಂಗ್‌ಗೆ ಫೋನ್ ಮಾಡಬೇಕಾಗುತ್ತದೆ.

ಕಾರನ್ನು ಹತ್ತು ನಿಮಿಷ ಓಡಿಸಿ, ಅರ್ಧ ಗಂಟೆ ಆರಲು ಬಿಡಿ. ಓಡಿ ಬಂದ ಕೂಡಲೇ ಆಯಿಲ್ ತುಂಬ ಬಿಸಿಯಿರುತ್ತದೆ, ಕೈ ಸುಡುತ್ತದೆ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸಿಮೆಂಟ್ ಇಟ್ಟಿಗೆಯನ್ನೂ ನಂಬಬೇಡಿ, ಅದು ಬಿರುಕು ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ. ಇನ್ನೊಂದು, ಎಂಜಿನ್ನಿನ ಡ್ರೇನ್ ಬೋಲ್ಟ್ ಯಾವುದು, ಗಿಯರ್‌ಬಾಕ್ಸಿನದು ಯಾವುದು ಎಂದು ಎರಡು ಸಲ ನೋಡಿ. ಒಂದರ ಬದಲು ಇನ್ನೊಂದನ್ನು ಬಿಚ್ಚುವವರು ಬಹಳ ಜನ.

ಇಳಿದ ಆಯಿಲನ್ನು ಅಳತೆಯ ಗೆರೆಯಿರುವ ಪಾತ್ರೆಗೆ ಹಿಡಿಯಿರಿ. ಈ ಕೆಲಸದಲ್ಲಿ ನಂಬಬೇಕಾದ ಮೊದಲ ಅಂಕಿ ಅದೇ. ಬೋಲ್ಟಿನಿಂದ ಎಲ್ಲಾ ಇಳಿದರೂ ಪ್ಯಾನಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಪ್ಯಾನ್ ಬಿಚ್ಚುವಾಗ ಒಂದು ಮೂಲೆಯ ಎರಡು ಬೋಲ್ಟ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ, ಓರೆಯಾಗಿ ಇಳಿಸಿದರೆ ಒಂದೇ ಕಡೆಯಿಂದ ಸುರಿಯುತ್ತದೆ. ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮುಖದಲ್ಲಿ ಗೀರು ಬೀಳುತ್ತದೆ, ಆಮೇಲೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಅಲ್ಲಿಂದಲೇ ಒಸರುತ್ತದೆ.

ಪ್ಯಾನಿನೊಳಗಿನ ಅಯಸ್ಕಾಂತಗಳನ್ನು ಗಮನವಿಟ್ಟು ನೋಡಿ. ಅವುಗಳ ಮೇಲೆ ಕಾಡಿಗೆಯಂಥ ಬೂದು ಮೆತ್ತು ಇರುತ್ತದೆ. ಬೆರಳ ತುದಿಯಲ್ಲಿ ಉಜ್ಜಿದರೆ ನುಣ್ಣಗಿದ್ದರೆ ಅದು ಸಹಜ ಸವೆತ. ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ, ಕೆಲಸ ನಿಲ್ಲಿಸಿ ಗಿಯರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಆಯಿಲ್ ಗುಲಾಬಿ ಬಣ್ಣದ ಹಾಲಿನಂತಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ, ಬರೀ ಆಯಿಲ್ ಬದಲಿಸಿ ಉಪಯೋಗವಿಲ್ಲ. ಅಯಸ್ಕಾಂತಗಳನ್ನು ಒರೆಸಿ ಅವವೇ ಗುಳಿಗಳಲ್ಲಿ ಕೂರಿಸಿ.

ಫಿಲ್ಟರಿನ ಬೋಲ್ಟುಗಳ ಉದ್ದ ಬೇರೆ ಬೇರೆ ಇರಬಹುದು. ರಟ್ಟಿನ ಮೇಲೆ ಫಿಲ್ಟರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಆಯಾ ಜಾಗಕ್ಕೆ ಚುಚ್ಚಿಡಿ. ಹಳೆಯ ರಬ್ಬರ್ ರಿಂಗ್ ಅಥವಾ ಗ್ಯಾಸ್ಕೆಟ್ ಎಷ್ಟೋ ಸಲ ಮೇಲೆಯೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದು ಕೂರಿಸಿದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ, ಕೊಂಯ್ ಎಂದು ಕೂಗುತ್ತದೆ, ಗಿಯರ್ ಜಾರುತ್ತದೆ. ಟಾರ್ಚ್ ಹಿಡಿದು ಖಚಿತ ಮಾಡಿಕೊಳ್ಳಿ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ ಹಾಕಿ. ಒರೆಸಲು ಗ್ಯಾರೇಜಿನ ಹತ್ತಿ ವೇಸ್ಟ್ ಬೇಡ, ಅದರ ಎಳೆ ಒಳಗಿನ ವಾಲ್ವುಗಳಿಗೆ ಸಿಕ್ಕಿಕೊಳ್ಳುತ್ತದೆ.

ಪ್ಯಾನಿನ ಅಂಚಿನಲ್ಲಿ ಬೋಲ್ಟ್ ತೂತಿನ ಸುತ್ತ ಉಬ್ಬಿದ್ದರೆ ಮರದ ತುಂಡಿನ ಮೇಲಿಟ್ಟು ತಟ್ಟಿ ಮಟ್ಟಸ ಮಾಡಿ. ಗ್ಯಾಸ್ಕೆಟ್‌ಗೆ ಏನೂ ಸವರದೆ ಹಾಗೆಯೇ ಹಾಕಿ, ಸಿಲಿಕೋನ್ ಬಳಿಯಬೇಡಿ. ಹೆಚ್ಚಾದದ್ದು ಒಳಗೆ ಹಿಂಡಿಕೊಂಡು ಉದುರಿ ಫಿಲ್ಟರಿಗೆ ಅಡ್ಡ ಕೂರುತ್ತದೆ. ಬೋಲ್ಟುಗಳನ್ನು ಅಡ್ಡಡ್ಡ ಮೂಲೆಗಳಿಂದ, ಎರಡು ಮೂರು ಸುತ್ತಿನಲ್ಲಿ ಬಿಗಿಸಿ. ಸಣ್ಣ ಪ್ಯಾನ್ ಬೋಲ್ಟುಗಳಿಗೆ ಸಾಮಾನ್ಯವಾಗಿ 5ರಿಂದ 10 ನ್ಯೂಟನ್ ಮೀಟರ್ ಒಳಗಿನ ಬಿಗಿ ಸಾಕು, ಸರಿಯಾದ ಅಂಕಿಯನ್ನು ರಿಪೇರಿ ಮ್ಯಾನ್ಯುಯಲ್‌ನಲ್ಲಿ ನೋಡಿ. ತೋಳಿನ ಬಲ ಹಾಕುವವರೇ ಅಲ್ಯೂಮಿನಿಯಂ ತ್ರೆಡ್ ಕಿತ್ತುಕೊಳ್ಳುವುದು.

ಡ್ರೇನ್ ಬೋಲ್ಟನ್ನು ಹೊಸ ವಾಷರ್ ಹಾಕಿ ಬಿಗಿಸಿ, ಕಾರನ್ನು ಸ್ಟ್ಯಾಂಡಿನಿಂದ ಸಮತಟ್ಟು ನೆಲಕ್ಕೆ ಇಳಿಸಿ. ತುಂಬುವಾಗ ಇಳಿದದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಉದ್ದ ಮೂತಿಯ ಆಲಿಕೆಯಿಂದ. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡೇ ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಐದು ಸೆಕೆಂಡ್ ನಿಲ್ಲಿಸಿ ಪಿ-ಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಒರೆಸಿ, ಅದ್ದಿ, ನೋಡಿ. ಎರಡು ಮುಖದಲ್ಲಿ ಎರಡು ಮಟ್ಟ ಕಂಡರೆ ಕೆಳಗಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ‘ಕೂಲ್’ ಗುರುತಿನೊಳಗೆ ಬರುವತನಕ 100–200 ಮಿ.ಲೀ.ನಂತೆ ಸೇರಿಸಿ. ಇಪ್ಪತ್ತು ನಿಮಿಷ ಓಡಿಸಿ ಬಂದು ‘ಹಾಟ್’ ಗುರುತಿಗೆ ಮತ್ತೆ ನೋಡಿ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಹಾಗಾಗಿ ಹೆಚ್ಚಾದರೂ ಕಡಿಮೆಯಾದರೂ ಗಿಯರ್ ಜಾರುತ್ತದೆ.

ಇಷ್ಟಾದರೂ ಹಳೆಯ ಆಯಿಲ್ ಪೂರ್ತಿ ಹೋಗಿರುವುದಿಲ್ಲ, ಟಾರ್ಕ್ ಕನ್ವರ್ಟರಿನೊಳಗೆ ಬಹಳಷ್ಟು ಉಳಿದಿರುತ್ತದೆ. ಒಟ್ಟು 7 ಲೀಟರ್ ಹಿಡಿಯುವಲ್ಲಿ 3 ಲೀಟರ್ ಇಳಿಯಿತು ಅನ್ನಿ. ಮೊದಲ ಸಲಕ್ಕೆ ಹಳೆಯದು ಶೇ. 57 ಉಳಿಯುತ್ತದೆ, ಎರಡನೆಯದಕ್ಕೆ 33, ಮೂರನೆಯದಕ್ಕೆ 19. ಆದ್ದರಿಂದ 500–1000 ಕಿ.ಮೀ. ಬಿಟ್ಟು ಇನ್ನೆರಡು ಸಲ ಬರೀ ಡ್ರೇನ್ ಬೋಲ್ಟ್ ಬಿಚ್ಚಿ ಇಳಿಸಿ ತುಂಬಿ, ಪ್ಯಾನ್ ಮುಟ್ಟುವುದು ಬೇಡ.

ಪ್ರಶ್ನೆ: ಆಯಿಲ್ ಬದಲಿಸಿದ ಮೇಲೆ ಹಳೇ ಗಿಯರ್‌ಬಾಕ್ಸ್ ಜಾರಲು ಶುರುವಾಗುತ್ತದೆ ಎನ್ನುತ್ತಾರಲ್ಲ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಕ್ಲಚ್ ಪ್ಲೇಟು ಮೊದಲೇ ಸುಟ್ಟಿದ್ದರೆ ಆಯಿಲ್ ಕಪ್ಪಾಗಿ ಕಮಟು ವಾಸನೆ ಬಂದಿರುತ್ತದೆ. ಆಗಲೇ ಜಾರುತ್ತಿರುವ ಗಿಯರ್‌ಬಾಕ್ಸನ್ನು ಹೊಸ ಆಯಿಲ್ ಉಳಿಸುವುದಿಲ್ಲ, ಕೆಡಿಸುವುದೂ ಇಲ್ಲ. ಜನ ಜಾರಿದ ಮೇಲೆ ಬದಲಿಸಲು ಹೋಗುತ್ತಾರೆ, ಅದಕ್ಕೇ ಈ ಮಾತು ಹುಟ್ಟಿದೆ. ಚೆನ್ನಾಗಿ ಓಡುತ್ತಿದ್ದುದು ಬದಲಿಸಿದ ಮರುದಿನವೇ ಜಾರಿದರೆ ಮಟ್ಟ, ಆಯಿಲಿನ ಜಾತಿ, ಫಿಲ್ಟರ್ ರಿಂಗ್, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.

ಪ್ರಶ್ನೆ: ಇನೋವಾ ಕ್ರಿಸ್ಟಾ ಆಟೊಮ್ಯಾಟಿಕ್‌ಗೆ ಡಿಪ್‌ಸ್ಟಿಕ್ಕೇ ಇಲ್ಲ. ಮಟ್ಟ ನೋಡುವುದು ಹೇಗೆ?
– ಓದುಗರು, ಕಲಬುರಗಿ

ಉತ್ತರ: ಕೆಳಗಿರುವ ತಪಾಸಣೆಯ ಬೋಲ್ಟ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ, ಕಾರು ನಾಲ್ಕೂ ಕಡೆ ಸಮನಾಗಿ ನಿಂತಿರುವಾಗ ನೋಡಬೇಕು. ಧಾರೆಯಾಗಿ ಸುರಿದರೆ ಹೆಚ್ಚಿದೆ, ಏನೂ ಬರದಿದ್ದರೆ ಕಡಿಮೆ. ಧಾರೆ ತೆಳುವಾಗಿ ತೊಟ್ಟಿಕ್ಕುವ ಹಂತಕ್ಕೆ ಬಂದ ಕ್ಷಣ ಬೋಲ್ಟ್ ಮುಚ್ಚಿ. ಆದರೆ ಆಯಿಲಿನ ಉಷ್ಣ 40 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಮಾತ್ರ ಈ ಮಟ್ಟ ಸರಿ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಸಿಕ್ಕಿಸಿ ಫೋನಿನಲ್ಲಿ ಉಷ್ಣ ನೋಡಿಕೊಳ್ಳಿ. ಬಿಸಿಯಾದಾಗ ಆಯಿಲ್ ಹಿಗ್ಗಿರುತ್ತದೆ, ಆಗ ನೋಡಿದರೆ ಬೇಕಾದದ್ದೂ ಸುರಿದುಹೋಗಿ ಆರಿದ ಮೇಲೆ ಕಡಿಮೆ ಬೀಳುತ್ತದೆ. ನಿಮ್ಮೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಆಯಿಲ್ ಸ್ಟಾರ್ಟ್ ಮಾಡುವ ಮೊದಲೇ 40 ದಾಟಿರುತ್ತದೆ. ರಾತ್ರಿಯೆಲ್ಲ ನೆರಳಲ್ಲಿ ನಿಲ್ಲಿಸಿ ಬೆಳಗಿನ ಜಾವವೇ ಈ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ಹೋಂಡಾ ಸಿಟಿ ಸಿವಿಟಿಗೂ, ಮಾರುತಿ ಸೆಲೆರಿಯೊ ಎಜಿಎಸ್‌ಗೂ ಇದೇ ಕೆಂಪು ಆಯಿಲ್ ಆಗುತ್ತದೆಯೇ? ಮನೆಯಲ್ಲಿ ಎರಡೂ ಇವೆ.
– ಓದುಗರು, ಮೈಸೂರು

ಉತ್ತರ: ಎರಡಕ್ಕೂ ಆಗುವುದಿಲ್ಲ. 2014ರ ನಂತರದ ಸಿಟಿಯ ಸಿವಿಟಿಗೆ ಎಚ್‌ಸಿಎಫ್-2 ಆಯಿಲೇ ಬೇಕು. ಅಲ್ಲಿ ಹಲ್ಲಿನ ಗಿಯರುಗಳ ಬದಲು ಉಕ್ಕಿನ ಬೆಲ್ಟ್ ಕಪ್ಪಿಯನ್ನು (ಪುಲ್ಲಿ) ಕಚ್ಚಿ ಹಿಡಿಯಬೇಕು, ಸಾಮಾನ್ಯ ಆಟೊಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಕಪ್ಪಿಯ ಮುಖ ಗೀರಾಗುತ್ತದೆ. ಎಜಿಎಸ್ ಎಂದರೆ ಮ್ಯಾನ್ಯುಯಲ್ ಗಿಯರ್‌ಬಾಕ್ಸೇ, ಕ್ಲಚ್ ಒತ್ತುವ, ಗಿಯರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಕಾರಿನ ಕೈಪಿಡಿಯಲ್ಲಿ ಹೇಳಿದ ಗಿಯರ್ ಆಯಿಲ್ ಸಾಕು, ಬದಲಿಸುವ ಪ್ಯಾನ್ ಫಿಲ್ಟರ್ ಅದರಲ್ಲಿ ಇಲ್ಲ. ಎರಡು ಕಾರಿನ ಹಳೆಯ ಆಯಿಲನ್ನೂ ಚರಂಡಿಗೆ ಸುರಿಯದೆ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ.