ಮಲಗಿದ ಎತ್ತು, ಕೆತ್ತಿದ ಹೆಸರು

ಪ್ರಶ್ನೆ: ನಾನು ಶಿವಮೊಗ್ಗದವಳು, ಒಸಾಕಾದಲ್ಲಿ ಕೆಲಸ. ಕಳೆದ ತಿಂಗಳ 21ರಂದು ಕ್ಯೋಟೋದ ತೋಜಿ ದೇವಸ್ಥಾನದ ಸಂತೆಯಲ್ಲಿ ಮಲಗಿದ ಎತ್ತಿನ ನೇತ್ಸುಕೆಯೊಂದನ್ನು (ನಡುಪಟ್ಟಿಗೆ ಚೀಲದ ದಾರ ಸಿಕ್ಕಿಸುವ ಪುಟ್ಟ ಜಪಾನಿ ಕೆತ್ತನೆ) 12,000 ಯೆನ್ ಕೊಟ್ಟು ತಗೊಂಡೆ. 5 ಸೆಂಟಿಮೀಟರ್ ಉದ್ದವಿದೆ, ಅಡಿಯಲ್ಲಿ 'ತೊಮೊತಾದ' ಎಂಬ ಹೆಸರಿದೆ. ಆನೆದಂತದ್ದು, 200 ವರ್ಷ ಹಳೆಯದು ಅಂದರು ಮಾರುವವರು. ಮೂರು ಫೋಟೊ ಕಳಿಸಿದ್ದೇನೆ. ಇದು ಅಸಲಿಯೇ? ಎಷ್ಟು ಬೆಲೆ ಬಾಳಬಹುದು? ದೀಪಾವಳಿಗೆ ಊರಿಗೆ ಬರುವಾಗ ಅಪ್ಪನಿಗೆ ತರಬೇಕೆಂದಿದ್ದೇನೆ.

ಉತ್ತರ: ತಂಗಿ, ನಿಮ್ಮ ಎರಡನೆಯ ಫೋಟೊದಲ್ಲೇ ಉತ್ತರವಿದೆ. ಎತ್ತಿನ ಹೊಟ್ಟೆಯಡಿ ಕುತ್ತಿಗೆಯಿಂದ ಬಾಲದವರೆಗೆ ಕೂದಲೆಳೆಯಂಥ ಗೆರೆಯೊಂದು ಓಡಿದೆ ನೋಡಿ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಉಳಿಯಲ್ಲಿ ಕೆತ್ತಿದ್ದಕ್ಕೆ ಅಂಥ ಗೆರೆ ಬರುವುದಿಲ್ಲ. ನಿಮ್ಮದು ರೆಸಿನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ಕಿನ ಎರಕ. ಒಂದು ಒಳ್ಳೆಯ ಊಟದ ಬೆಲೆಗಿಂತ ಹೆಚ್ಚು ಬಾಳದು. ಬೇಸರವಾಗುತ್ತದೆ, ಗೊತ್ತು.

ಹೆಸರು ನೋಡಿ ನಂಬಿದ್ದೀರಿ. ತೊಮೊತಾದ 18ನೆಯ ಶತಮಾನದ ಕ್ಯೋಟೋದ ಕೆತ್ತನೆಗಾರ, ಎತ್ತುಗಳಿಗೇ ಹೆಸರಾದವನು. 1781ರಲ್ಲಿ ಒಸಾಕಾದಲ್ಲಿ ಅಚ್ಚಾದ 'ಸೋಕೆನ್ ಕಿಶೋ' ಪುಸ್ತಕವೇ ಅವನ ಎತ್ತುಗಳಿಗೆ ನಕಲು ಬಹಳ ಎಂದು ಎಚ್ಚರಿಸಿತ್ತು. ಅಂದಮೇಲೆ ಇಂದಿನ ಸಂತೆಯಲ್ಲಿ ಆ ಹೆಸರು ಕಂಡರೆ ಮೊದಲು ಅನುಮಾನವೇ ಬರಬೇಕು. ಹೆಸರೇ ಇಲ್ಲದ ಹಳೆಯ ಒಳ್ಳೆಯ ನೇತ್ಸುಕೆಗಳೂ ಬೇಕಾದಷ್ಟಿವೆ.

ನಾನು ಮೊದಲು ನೋಡುವುದು ದಾರದ ತೂತುಗಳನ್ನು. ಕಿಮೊನೊಗೆ ಜೇಬಿಲ್ಲ. ನಮ್ಮ ಹಿರಿಯರು ಎಲೆಅಡಿಕೆ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಹಾಗೆ ಜಪಾನಿನವರು ಹೊಗೆಸೊಪ್ಪಿನ ಚೀಲವನ್ನು ನಡುಪಟ್ಟಿಯಿಂದ ಇಳಿಬಿಡುತ್ತಿದ್ದರು. ದಾರದ ಮೇಲ್ತುದಿ ಜಾರದಂತೆ ಹಿಡಿಯುವ ಗುಬಟು ನೇತ್ಸುಕೆ. ಹಳೆಯವುಗಳಲ್ಲಿ ಅನೇಕ ಸಲ ಒಂದು ತೂತು ದೊಡ್ಡದು, ಗಂಟು ಅದರೊಳಗೆ ಅಡಗಬೇಕು. ತೂತಿನ ಅಂಚು ದಾರ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ನಿಮ್ಮದರಲ್ಲಿ ಎರಡೂ ಒಂದೇ ಅಳತೆ, ಡ್ರಿಲ್ ಹೊಡೆದಷ್ಟು ನೇರ.

ಸವೆತಕ್ಕೂ ಒಂದು ನ್ಯಾಯವಿದೆ. ಬಟ್ಟೆಗೆ ತಾಗುವ ಬೆನ್ನು, ನೆತ್ತಿ ಸವೆಯುತ್ತವೆ. ಮೂಗುದಾರದ ಸಂದಿನ ರೋಮಗೆರೆಗಳು ಚೂಪಾಗಿಯೇ ಉಳಿಯುತ್ತವೆ. ನಿಮ್ಮ ಎತ್ತಿನ ಬೆನ್ನಿನ ಮೇಲೂ ಗೆರೆಗಳು ಹೊಚ್ಚಹೊಸದರಂತಿವೆ, ಕಂದು ಬಣ್ಣ ಮಾತ್ರ ಎಲ್ಲ ಕಡೆ ಒಂದೇ ಸಮ.

ಇನ್ನು ವಸ್ತು. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟುಕೊಳ್ಳಿ. ಆನೆದಂತದ ಅಡ್ಡಕೊಯ್ತದಲ್ಲಿ ಗೆರೆಗಳು ಚಾಪೆಯ ಹೆಣಿಗೆಯಂತೆ ಒಂದನ್ನೊಂದು ದಾಟುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀಟುಗಳು ಕಾಣುತ್ತವೆ. ದಂತವೋ ಪ್ಲಾಸ್ಟಿಕ್ಕೋ ತಿಳಿಯಲು ಕಾದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬೇಡ ಅನ್ನಿ. ನಾನು 26 ವರ್ಷ ಮ್ಯೂಸಿಯಂನಲ್ಲಿ ದಂತ, ಮರದ ವಸ್ತುಗಳ ದುರಸ್ತಿ ನೋಡಿಕೊಂಡವನು. ಒಬ್ಬರು ಹಾಗೆ ಚುಚ್ಚಿದ ಇಲಿಯ ನೇತ್ಸುಕೆಯೊಂದನ್ನು ತಂದು ತೋರಿಸಿದರು. ಅಸಲಿ ದಂತ, ಅಪ್ಪಟ ಕೆಲಸ. ಬಾಲದ ಬುಡದಲ್ಲಿದ್ದ ಆ ಸುಟ್ಟ ಕಲೆಯನ್ನು ತೆಗೆಯಲು ನನ್ನಿಂದ ಆಗಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬೆಲೆ ಕಟ್ಟುವಾಗ ಕೆತ್ತನೆಯ ಜೀವ, ಒಡಕಿಲ್ಲದ ಮೈ, ಮೊದಲು ಯಾರ ಸಂಗ್ರಹದಲ್ಲಿತ್ತು ಎಂಬ ದಾಖಲೆ, ಇವೆಲ್ಲ ಸೇರುತ್ತವೆ. 2011ರ ಲಂಡನ್ ಹರಾಜಿನಲ್ಲಿ ಗೆಚು ಎಂಬ ಹಳೆಯ ಕೆತ್ತನೆಗಾರನ ನಾಯಿ ಮತ್ತು ಮರಿಯ ನೇತ್ಸುಕೆಯೊಂದು 2.65 ಲಕ್ಷ ಪೌಂಡ್‌ಗೆ ಹೋಯಿತು. ದಂತವೇ ಮೇಲು ಎಂದುಕೊಳ್ಳಬೇಡಿ. ಒಳ್ಳೆಯ ಕೈಯ ಬಾಕ್ಸ್‌ವುಡ್ (ಒಂದು ಗಟ್ಟಿ ಮರ) ಕೆಲಸ ಸಾಧಾರಣ ದಂತವನ್ನು ಹಿಂದಿಕ್ಕುತ್ತದೆ. ನನಗಂತೂ ಮರವೇ ಇಷ್ಟ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಜವಾದ ದಂತದ್ದಾಗಿದ್ದರೆ ಅದನ್ನು ಊರಿಗೆ ತರಬೇಡಿ ಎನ್ನುತ್ತಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿಯ ಮೇಲೆ ಆಫ್ರಿಕಾದ ದಂತದ ವ್ಯಾಪಾರಕ್ಕೂ ಇಲ್ಲಿ ನಿಷೇಧ ಬಂತು. ಹಳೆಯದು ಎಂಬ ಕಾರಣಕ್ಕೆ ವಿನಾಯಿತಿ ಸಿಗದು.

ರೆಸಿನ್ ಎತ್ತಿಗೆ ಆ ತೊಡಕಿಲ್ಲ. ಅಪ್ಪನಿಗೆ ಅದನ್ನೇ ಕೊಡಿ, ಎರಕದ್ದು ಎಂದು ಹೇಳಿಯೇ ಕೊಡಿ. ಅಷ್ಟರೊಳಗೆ ಒಂದು ಭಾನುವಾರ ಕ್ಯೋಟೋದ ಮಿಬುವಿನಲ್ಲಿರುವ ಸೇಶು ನೇತ್ಸುಕೆ ಮ್ಯೂಸಿಯಂಗೆ ಹೋಗಿಬನ್ನಿ, ಬಾಗಿಲು ತೆರೆದಿರುವ ದಿನ ನೋಡಿಕೊಂಡು. ಹಳೆಯ ಸಾಮುರಾಯ್ ಮನೆಯಲ್ಲಿ 2007ರಲ್ಲಿ ಶುರುವಾದದ್ದು. ಮುಂದಿನ ಸಂತೆಯಲ್ಲಿ ಏನಾದರೂ ಮನಸ್ಸಿಗೆ ಹಿಡಿಸಿದರೆ, ದುಡ್ಡು ಕೊಡುವ ಮುಂಚೆ ಅದರ ಅಡಿಭಾಗದ ಫೋಟೊ ನನಗೆ ಕಳಿಸಿ.