ಏಳು ಹೆತ್ತ ತಾಯಿಯ ಇಳಿವಯಸ್ಸಿನ ತೊಂದರೆಗಳಿಗೆ ಹೆರಿಗೆಗಳ ಸಂಖ್ಯೆಯೇ ಕಾರಣವೇ?

ಏಳು ಮಕ್ಕಳನ್ನು ಹೆತ್ತ ನಿಮ್ಮ ತಾಯಿಯವರಿಗೆ ಅರುವತ್ತು ದಾಟಿದ ಮೇಲೆ ಕೆಮ್ಮಿದರೆ ಮೂತ್ರ ಜಾರುತ್ತದೆ, ಸಕ್ಕರೆ ಕಾಯಿಲೆಯೂ ಇದೆ. ಇದೆಲ್ಲ ಹೆಚ್ಚು ಹೆತ್ತದ್ದರಿಂದಲೇ ಬಂದದ್ದೇ, ಎರಡೇ ಮಕ್ಕಳಿರುವ ನಿಮಗೆ ಇಂಥ ಭಯವಿಲ್ಲವೇ ಎಂದು ಕೇಳಿದ್ದೀರಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಬಹುಕಾಲ ಆರೋಗ್ಯ ಇಲಾಖೆಯ ದಾದಿಯಾಗಿ ಮನೆಮನೆಗೆ ಹೋಗುತ್ತಿದ್ದವಳು ನಾನು, ತಿಳಿದಷ್ಟನ್ನು ಹೇಳುತ್ತೇನೆ.

ಮೂತ್ರ ಜಾರುವುದಕ್ಕೂ ಗರ್ಭಕೋಶ ಇಳಿಯುವುದಕ್ಕೂ ಹೆರಿಗೆಯೊಂದಿಗೆ ನೇರ ಸಂಬಂಧವಿದೆ. ಆದರೆ ಕೆಳಹೊಟ್ಟೆಯ ಅಂಗಗಳನ್ನು ಹೊತ್ತ ಸ್ನಾಯುಗಳಿಗೆ ಹೆಚ್ಚಿನ ಪೆಟ್ಟು ಬೀಳುವುದು ಮೊದಲ ಒಂದೆರಡು ಸಹಜ ಹೆರಿಗೆಗಳಲ್ಲೇ ಆದ್ದರಿಂದ ಎರಡು ಹೆತ್ತವರೂ ನಿಶ್ಚಿಂತರಾಗಿರುವಂತಿಲ್ಲ. ಬಾಣಂತನ ಮುಗಿಯುವ ಮೊದಲೇ ಅಡಿಕೆಯ ಬುಟ್ಟಿ ಹೊತ್ತವರಲ್ಲಿ, ಹಳೆಯ ಕೆಮ್ಮಿದ್ದವರಲ್ಲಿ, ಮುಟ್ಟು ನಿಂತ ಮೇಲೆ ಈ ತೊಂದರೆ ಹೆಚ್ಚುತ್ತದೆ. ಕೆಮ್ಮು ಬರುವಾಗ ಕಾಲಿಗೆ ಕಾಲು ಹೆಣೆದು ನಿಲ್ಲುವ, ಮಂಗಳೂರಿನವರೆಗೆ ಬಸ್ಸಿನಲ್ಲಿ ಕೂರಬೇಕಲ್ಲ ಎಂದು ಮದುವೆಗಳನ್ನೇ ಬಿಟ್ಟ ಅಮ್ಮಂದಿರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಅದನ್ನು ಮಗಳ ಹತ್ತಿರವೂ ಹೇಳಿರಲಿಲ್ಲ.

ಸಕ್ಕರೆ ಕಾಯಿಲೆಯ ವಿಚಾರ ಬೇರೆ. ಅಲ್ಲಿ ಹೆರಿಗೆಗಳ ಎಣಿಕೆಗಿಂತ ಬಸಿರಿನಲ್ಲಿ ಸಕ್ಕರೆ ಏರಿತ್ತೇ ಎಂಬುದು ಮುಖ್ಯ. ಹಾಗೆ ಏರಿದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ 7 ಪಟ್ಟು, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಹೆಚ್ಚು. ನಿಮಗೆ ಹಾಗಾಗಿದ್ದರೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಐದಕ್ಕಿಂತ ಹೆಚ್ಚು ಹೆತ್ತವರಲ್ಲಿ ಹೃದ್ರೋಗ ತುಸು ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಕೆಲವು ಅಧ್ಯಯನಗಳಲ್ಲಿ ಹೆಚ್ಚು ಮಕ್ಕಳಿರುವ ತಂದೆಯರಲ್ಲಿಯೂ ಅಂಥದ್ದೇ ಒಲವು ಕಂಡಿತು. ಎಂದರೆ ದುಡಿಮೆ, ಬಡತನ, ಓದು ಇವುಗಳ ಪಾಲೂ ಅದರಲ್ಲಿದೆ.

ಇನ್ನೊಂದು ಬದಿಯೂ ಉಂಟು. 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪ್ರತಿಯೊಂದು ಹೆರಿಗೆಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ. 7ರಷ್ಟು, 12 ತಿಂಗಳ ಎದೆಹಾಲೂಡಿಕೆಗೆ ಮತ್ತೆ ಶೇ. 4.3ರಷ್ಟು ತಗ್ಗುತ್ತದೆ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಕಡಿಮೆಯಾಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಮಾತ್ರ ಹೆಚ್ಚು ಹೆತ್ತವರಲ್ಲಿ ಹೆಚ್ಚು, ಅದಕ್ಕೆ ಮೂಲ ಎಚ್‌ಪಿವಿ ವೈರಸ್ಸಾದರೂ. ಇದನ್ನು ಓದಿ ಇನ್ನೊಂದು ಮಗುವಿನ ಯೋಚನೆ ಮಾಡಬೇಕಾಗಿಲ್ಲ.

ನನ್ನ ಮಟ್ಟಿಗೆ ಸಂಖ್ಯೆಗಿಂತಲೂ ಹೆರಿಗೆಗಳ ನಡುವಿನ ಅಂತರವೇ ದೊಡ್ಡದು. ಒಂದು ಬಸಿರಿಗೆ ಸುಮಾರು 1 ಗ್ರಾಂ ಕಬ್ಬಿಣಾಂಶ ಬೇಕು. ಅದು ಮತ್ತೆ ತುಂಬಿಕೊಳ್ಳುವ ಮೊದಲೇ ಇನ್ನೊಂದು ಬಸಿರು ನಿಂತರೆ ರಕ್ತಹೀನತೆ ವರ್ಷಗಟ್ಟಲೆ ಬಿಡದು. ಹೆತ್ತ ಮೇಲೆ ಮುಂದಿನ ಬಸಿರಿಗೆ 24 ತಿಂಗಳಾದರೂ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಿಮ್ಮ ತಾಯಿಯವರ ತೊಂದರೆಗೆ ಈಗಲೂ ಪರಿಹಾರವಿದೆ: ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ, ಗರ್ಭಕೋಶ ಇಳಿದಿದ್ದರೆ ಆಧಾರಕ್ಕೆ ಒಳಗಿಡುವ ಉಂಗುರವಿದೆ, ಶಸ್ತ್ರಚಿಕಿತ್ಸೆಯೂ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದರೆ ಒಂದು ದಿನವೂ ತಡಮಾಡಬೇಡಿ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಎಷ್ಟು ಹೆರಿಗೆ, ನಡುವೆ ಎಷ್ಟು ಅಂತರ, ಮುಟ್ಟು ಯಾವಾಗ ನಿಂತಿತು ಎಂಬುದನ್ನು ಬರೆದುಕೊಂಡು ಹೋಗಿ, ಅವರು ಸಂಕೋಚಪಟ್ಟರೆ ನೀವೇ ವೈದ್ಯರಿಗೆ ಹೇಳಿ.