ಕುದುರೆಯ ಬೆಲೆ, ಬಣ್ಣ ಬಳಿದ ಕವಚ

(ಓದುಗರ ಪ್ರಶ್ನೆ, ನಮ್ಮ ಉತ್ತರ)

ಕಳೆದ ಸಂಚಿಕೆಯಲ್ಲಿ 1963ರ ಒಂದು ಸ್ಪ್ಯಾನಿಷ್ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸ್ಪೇನಿನಲ್ಲಿ ಅದರ ಹೆಸರಿಗೆ ‘ಕತ್ತಿಗಳ ಕಣಿವೆ’ ಎಂದು ಅರ್ಥ. ಇಂಗ್ಲಿಷ್‌ನಲ್ಲಿ ಅದು ‘ದಿ ಕ್ಯಾಸ್ಟಿಲಿಯನ್’ ಆಯಿತು. ನಿರ್ದೇಶಕ ಹಾವಿಯೆರ್ ಸೆತೊ. ಹತ್ತನೇ ಶತಮಾನದಲ್ಲಿ ಸ್ಪೇನಿನ ಕಾಸ್ಟೀಲ್ ಸೀಮೆಯ ಒಡೆಯನಾಗಿದ್ದ ಫೆರ್ನಾನ್ ಗೊನ್ಸಾಲೆಸನ ಕಥೆ. ಆ ನಾಲ್ಕು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕಾ, ಇವನೇ ಎಲ್ ಸಿದ್ ಅಲ್ವಾ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ಅಲ್ಲ ತಮ್ಮಾ. ಎಲ್ ಸಿದ್ ಕೂಡ ಕಾಸ್ಟೀಲಿನ ವೀರನೇ, ಆದರೆ ತೀರಿಕೊಂಡಿದ್ದು 1099ರಲ್ಲಿ, ವಲೆನ್ಸಿಯಾದಲ್ಲಿ. ಫೆರ್ನಾನ್ ಗೊನ್ಸಾಲೆಸ್ ಸತ್ತಿದ್ದು 970ರಲ್ಲಿ. ನಡುವೆ ನೂರಕ್ಕೂ ಜಾಸ್ತಿ ವರ್ಷ.

ಪ್ರಶ್ನೆ: 1961ರ ‘ಎಲ್ ಸಿದ್’ ಚಿತ್ರದ ಮುಂದೆ ಇದು ಬಡವಾಗಿ ಕಾಣುತ್ತದೆ. ದುಡ್ಡಿಲ್ಲದ ಮೇಲೆ ಇಂಥ ಚಿತ್ರ ಯಾಕೆ ಮಾಡಬೇಕು? (ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಸರ್, ನಾನು ಇಪ್ಪತ್ತೆರಡು ವರ್ಷ ನಾಟಕಗಳಿಗೆ ಬಟ್ಟೆ ಹೊಲಿದವಳು. ಈ ಪ್ರಶ್ನೆ ನನ್ನನ್ನೇ ಕೇಳಿದ ಹಾಗಾಯಿತು.

‘ಎಲ್ ಸಿದ್’ ದೊಡ್ಡ ಚಿತ್ರ, ಒಪ್ಪುತ್ತೇನೆ. ಚಾರ್ಲ್‌ಟನ್ ಹೆಸ್ಟನ್, ಸೋಫಿಯಾ ಲೊರೆನ್, ಸ್ಪೇನಿನ ಸೈನಿಕರೇ ಯುದ್ಧದ ದೃಶ್ಯಗಳಿಗೆ ಬಂದಿದ್ದರು. ಆದರೆ ಅಷ್ಟು ದುಡ್ಡು ಸುರಿದ ಮೇಲೂ ಅದರ ಕೋಟೆಗಳನ್ನು ಸ್ವಲ್ಪ ಗಮನಿಸಿ. ಕಥೆ ಹನ್ನೊಂದನೇ ಶತಮಾನದ್ದು. ಅಲ್ಲಿ ಕಾಣುವ ಬೆಲ್ಮೊಂತೆ ಕೋಟೆ ಕಟ್ಟಿಸಲು ಶುರು ಮಾಡಿದ್ದು 1456ರಲ್ಲಿ. ವಲೆನ್ಸಿಯಾ ಎಂದು ತೋರಿಸಿದ ಊರು ನಿಜಕ್ಕೂ ಪೆನಿಸ್ಕೊಲಾ. ಅದರ ಕೋಟೆಯನ್ನು ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳು ಕಟ್ಟಿದ್ದು 1300ರ ಆಸುಪಾಸಿನಲ್ಲಿ. ದುಡ್ಡಿನಿಂದ ಗಾತ್ರ ಬರುತ್ತದೆ. ಕಾಲ ತಾನಾಗಿ ಬರುವುದಿಲ್ಲ.

ಹತ್ತನೇ ಶತಮಾನದ ಕಾಸ್ಟೀಲ್ ನಿಜಕ್ಕೂ ಬಡ ಗಡಿಸೀಮೆ. ಮರ, ಮಣ್ಣು, ಒರಟು ಕಲ್ಲು. ಆ ಕಾಲದ ಒಂದು ಗೋಪುರ ಕೊವಾರ್ರೂಬಿಯಾಸ್ ಎಂಬ ಊರಿನಲ್ಲಿ ಇನ್ನೂ ನಿಂತಿದೆ. ಬುಡ ಅಗಲ, ಮೇಲೆ ಹೋದಂತೆ ಕಿರಿದು, ದಪ್ಪ ಗೋಡೆ. ಅಲಂಕಾರ ಹುಡುಕಿದರೂ ಸಿಗುವುದಿಲ್ಲ. ಈ ಕಥೆಯನ್ನು ಕಡಿಮೆ ದುಡ್ಡಿನಲ್ಲಿ ತೆಗೆದರೆ ಕಾಲಕ್ಕೆ ಹತ್ತಿರವೇ ಹೋದ ಹಾಗೆ. ಸೆತೊ ಅವರ ಚಿತ್ರದ ಮೇಲೆ ನನ್ನ ತಕರಾರು ಬೇರೆ. ಅವರಿಗೆ ತಮ್ಮ ಕಥೆಯ ಮೇಲೆ ಅಷ್ಟು ಭರವಸೆ ಇರಲಿಲ್ಲವೇನೋ. ಅಮೆರಿಕದ ಮಾರುಕಟ್ಟೆಗಾಗಿ ಸೀಸರ್ ರೊಮೆರೊ ಬಂದರು, ಬ್ರಾಡರಿಕ್ ಕ್ರಾಫರ್ಡ್ ಬಂದರು. ಹದಿಹರೆಯದವರ ಮೆಚ್ಚಿನ ಗಾಯಕ ಫ್ರಾಂಕಿ ಅವಲಾನ್ ಹಾಡುಗಾರನ ವೇಷದಲ್ಲಿ ಬಂದರು. ಅವರ ಜೊತೆಗೇ ಫೆರ್ನಾಂದೊ ರೇ, ಅಲಿದಾ ವಾಲಿ ಅಂಥ ಒಳ್ಳೆಯ ನಟರಿದ್ದಾರೆ. ಆ ಇಬ್ಬರಿಗೆ ಇನ್ನಷ್ಟು ಹೊತ್ತು ಕೊಟ್ಟಿದ್ದರೆ ಖರ್ಚೇನೂ ಹೆಚ್ಚುತ್ತಿರಲಿಲ್ಲ.

ಪ್ರಶ್ನೆ: ಕುದುರೆ ಮತ್ತು ಗಿಡುಗದ ಬೆಲೆಗೆ ಒಂದು ರಾಜ್ಯವೇ ಬಿಡುಗಡೆಯಾಯಿತು ಎಂದು ಬರೆದಿದ್ದಿರಿ. ಬಿಡಿಸಿ ಹೇಳ್ತೀರಾ? (ಗೃಹಿಣಿ, ಸಾಗರ)

ಖಂಡಿತ. ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ.

1250ರ ಸುಮಾರಿಗೆ ಬರೆದ ಒಂದು ಹಳೆಯ ಸ್ಪ್ಯಾನಿಷ್ ಕಾವ್ಯ ಇದೆ. ಅರ್ಲಾನ್ಸಾ ಎಂಬ ಮಠದ ಸನ್ಯಾಸಿಯೊಬ್ಬ ಬರೆದಿರಬೇಕು ಅನ್ನುತ್ತಾರೆ. ಅದರಲ್ಲಿ ಫೆರ್ನಾನ್ ಗೊನ್ಸಾಲೆಸ್ ಲಿಯೋನ್ ರಾಜನ ಸಭೆಗೆ ಹೋಗುತ್ತಾನೆ. ನಮ್ಮ ಪಾಳೆಯಗಾರರ ಹಾಗೆ ಇವನೂ ದೊಡ್ಡ ರಾಜನ ಕೈಕೆಳಗಿನವನು. ಜೊತೆಗೆ ಒಂದು ಬೇಟೆ ಗಿಡುಗ, ಒಂದು ಚೆಂದದ ಕುದುರೆ. ರಾಜ ಸಾಂಚೊಗೆ ಎರಡರ ಮೇಲೂ ಆಸೆಯಾಗುತ್ತದೆ. ‘ಸುಮ್ನೆ ತಗೊಳ್ಳಿ’ ಅಂತಾನೆ ಇವನು. ರಾಜ ಒಪ್ಪುವುದಿಲ್ಲ, ಬೆಲೆ ಕೊಟ್ಟೇ ಕೊಳ್ಳುತ್ತೇನೆ ಎಂದು ಹಟ ಹಿಡಿಯುತ್ತಾನೆ. ಪತ್ರ ಬರೆಯುತ್ತಾರೆ, ಗಡುವು ಹಾಕುತ್ತಾರೆ. ಗಡುವು ದಾಟಿದರೆ ಪ್ರತಿ ದಿನ ಸಾಲ ಎರಡರಷ್ಟಾಗಬೇಕು.

ರಾಜ ಮರೆತುಬಿಡುತ್ತಾನೆ.

ಚದುರಂಗದ ಮನೆಗಳಲ್ಲಿ ಕಾಳು ಇಟ್ಟ ಕಥೆ ನಮಗೆಲ್ಲ ಗೊತ್ತಲ್ವಾ, ಅದೇ ಲೆಕ್ಕ. ಮೊದಲ ಸಾಲ ಒಂದೇ ನಾಣ್ಯ ಅಂದುಕೊಳ್ಳಿ. ಹತ್ತು ದಿನ ತಡವಾದರೆ 1,024. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ 107 ಕೋಟಿ. ಕಥೆಯಲ್ಲಿ ಹೀಗೆ ವರ್ಷಗಳೇ ಕಳೆಯುತ್ತವೆ. ಕೊನೆಗೆ ಯುರೋಪಿನವರೆಲ್ಲ ಸೇರಿದರೂ ತೀರಿಸಲಾಗದ ಸಾಲ! ಬೇರೆ ದಾರಿಯಿಲ್ಲದೆ ರಾಜ ಕಾಸ್ಟೀಲನ್ನೇ ಬಿಟ್ಟುಕೊಡುತ್ತಾನೆ.

ಇದು ನಡೆದ ಸಂಗತಿ ಅಲ್ಲ. ಆ ಕುದುರೆ ಅಲ್ಮನ್ಸೋರ್ ಎಂಬ ಸೇನಾಧಿಪತಿಯದಾಗಿತ್ತು ಅನ್ನುತ್ತದೆ ಕಾವ್ಯ. ಅಲ್ಮನ್ಸೋರ್ ದೊಡ್ಡವನಾಗಿ ಮೆರೆದದ್ದು ಫೆರ್ನಾನ್ ಸತ್ತ ಮೇಲೆ. ನಿಜದಲ್ಲಿ ಕಾಸ್ಟೀಲ್ ಲಿಯೋನಿನ ರಾಜರ ಕೈಯಿಂದ ನಿಧಾನವಾಗಿ ಜಾರಿತು. ಫೆರ್ನಾನ್ ಬೇರೆ ಬೇರೆಯಾಗಿದ್ದ ಸೀಮೆಗಳನ್ನು ಒಂದು ಮಾಡಿದ, ತನ್ನ ನಂತರ ಮಗ ಗಾರ್ಸಿಯಾನೇ ಒಡೆಯನಾಗುವ ಹಾಗೆ ನೋಡಿಕೊಂಡ. ಆದರೂ ಕಥೆಯ ಒಳಗೊಂದು ಸತ್ಯ ಇದೆ. ದೊಡ್ಡವರು ಸಣ್ಣವರ ಬಾಕಿಯನ್ನು ಹೇಗೆ ಮರೆಯುತ್ತಾರೆ ಎನ್ನುವುದು. ಮೂರು ತಿಂಗಳ ಹೊಲಿಗೆ ಕೂಲಿಗೆ ನಾನು ಒಂದು ಬಾಗಿಲ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಈ ಕಥೆ ಓದಿದಾಗ ಆ ದಿನಗಳೇ ಕಣ್ಣ ಮುಂದೆ ಬಂದವು.

ಈಗ ಯೋಚಿಸಿ. ಈ ದೃಶ್ಯಕ್ಕೆ ಏನು ಬೇಕು? ಒಂದು ಕುದುರೆ, ಒಂದು ಹಕ್ಕಿ, ಇಬ್ಬರು ಒಳ್ಳೆಯ ನಟರು. ಆಮೇಲೆ ಪ್ರತಿ ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬ ಗುಮಾಸ್ತ ಅಂಕಿ ಬರೆಯುತ್ತಾ ಹೋಗುತ್ತಾನೆ. ಸಾವಿರ ಜನರ ಯುದ್ಧಕ್ಕಿಂತ ಜಾಸ್ತಿ ಎದೆಬಡಿತ ಅಲ್ಲಿದೆ.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ‘ಮೂರ್’ಗಳು ಅಂದರೆ ಸ್ಪೇನಿನ ಮುಸ್ಲಿಮರೆಲ್ಲ ಕೆಟ್ಟವರು, ಕ್ರೈಸ್ತರೆಲ್ಲ ಒಳ್ಳೆಯವರು. ನಿಜ ಹಾಗೇ ಇತ್ತೇ? (ಪ್ರೌಢಶಾಲೆ ಶಿಕ್ಷಕಿ, ಕಲಬುರಗಿ)

ಇರಲಿಲ್ಲ ಮೇಡಂ. ಯುದ್ಧ ನಡೆದದ್ದು ನಿಜ. 939ರಲ್ಲಿ ಸಿಮಾಂಕಾಸ್‌ನಲ್ಲಿ ಲಿಯೋನಿನ ರಾಜ ಎರಡನೇ ರಾಮಿರೊ ಮತ್ತು ಈ ಫೆರ್ನಾನ್ ಸೇರಿ ದಕ್ಷಿಣ ಸ್ಪೇನನ್ನು ಆಳುತ್ತಿದ್ದ ಕೊರ್ದೊಬಾದ ಮುಸ್ಲಿಂ ದೊರೆ, ಖಲೀಫ ಮೂರನೇ ಅಬ್ದುಲ್ ರಹಮಾನನನ್ನು ಸೋಲಿಸಿದರು. ಹಿಂದಿರುಗುವ ದಾರಿಯಲ್ಲಿ ಖಲೀಫ ತನ್ನ ಕುರಾನ್ ಪ್ರತಿಯನ್ನೂ ಕವಚವನ್ನೂ ಕಳೆದುಕೊಂಡ. ಯುದ್ಧಕ್ಕೆ ಕೆಲವು ದಿನ ಮೊದಲು ಸೂರ್ಯಗ್ರಹಣ ಆಗಿತ್ತು, ಎರಡೂ ಕಡೆಯವರು ಹೆದರಿದ್ದರು.

ಆದರೆ ಸಂಬಂಧ ನೋಡಿ. ಫೆರ್ನಾನನ ಹೆಂಡತಿ ಸಾಂಚಾ. ಅವಳ ತಾಯಿ ತೋದಾ, ಉತ್ತರ ಸ್ಪೇನಿನ ಕ್ರೈಸ್ತ ರಾಜ್ಯ ನವಾರ್ರಾದ ರಾಣಿ. ತೋದಾಳ ತಾಯಿ ಒನ್ನೆಕಾ ಮೊದಲು ಕೊರ್ದೊಬಾದ ಅಮೀರನ ಮನೆಯಲ್ಲಿದ್ದವಳು. ಅಲ್ಲಿ ಹುಟ್ಟಿದ ಮಗನ ಮಗನೇ ಈ ಖಲೀಫ. ಅಂದರೆ ತೋದಾ ಅವನಿಗೆ ಸೋದರತ್ತೆ, ಸಾಂಚಾ ಅತ್ತೆ ಮಗಳು! ಖಲೀಫನಿಗೆ ನೀಲಿ ಕಣ್ಣು, ಕೆಂಚು ಕೂದಲು ಇತ್ತು ಎಂದು ಅರಬ್ಬಿ ಲೇಖಕರು ಬರೆದಿದ್ದಾರೆ. ಮುಖಕ್ಕೆ ಕಪ್ಪು ಬಣ್ಣ ಬಳಿದು ಖಳನನ್ನು ಮಾಡುವ ವೇಷಗಾರರು ಇದನ್ನು ಓದಬೇಕು.

ಇನ್ನೊಂದು ಸಂಗತಿ. ಲಿಯೋನಿನ ರಾಜ ಸಾಂಚೊ ತುಂಬಾ ದಪ್ಪ, ಕುದುರೆ ಹತ್ತಲೂ ಆಗುತ್ತಿರಲಿಲ್ಲ. ಅದನ್ನೇ ನೆಪ ಮಾಡಿ ಅವನನ್ನು ಇಳಿಸಿದರು. ಅಜ್ಜಿ ತೋದಾ ಮೊಮ್ಮಗನನ್ನು ಕರೆದುಕೊಂಡು ‘ಶತ್ರು’ವಿನ ಊರು ಕೊರ್ದೊಬಾಗೇ ಹೋದಳು. ಅಲ್ಲಿ ಹಸ್ದಾಯ್ ಇಬ್ನ್ ಶಪ್ರೂತ್ ಎಂಬ ಯಹೂದಿ ವೈದ್ಯ ಅವನ ಮೈ ಇಳಿಸಿದ. ಖಲೀಫನ ಸೇನೆ ಅವನನ್ನು ಮತ್ತೆ ಸಿಂಹಾಸನಕ್ಕೆ ಕೂರಿಸಿತು. ಮುಸ್ಲಿಂ ಖಲೀಫ, ಯಹೂದಿ ವೈದ್ಯ, ಕ್ರೈಸ್ತ ಅಜ್ಜಿ, ಎಲ್ಲರೂ ಒಂದೇ ಅಂಗಳದಲ್ಲಿ! ಇದನ್ನು ಯಾರಾದರೂ ಚಿತ್ರ ಮಾಡಲಿ, ಮೊದಲ ದಿನವೇ ಟಿಕೆಟ್ ತಗೊಳ್ಳುತ್ತೇನೆ. ಆ ರಾಜನ ಹೆಸರು ಮತ್ತು ಕುದುರೆ ಕೊಂಡ ರಾಜನ ಹೆಸರು ಒಂದೇ ಎಂಬುದನ್ನು ನೀವು ಆಗಲೇ ಗಮನಿಸಿರುತ್ತೀರಿ.

1963ರಲ್ಲಿ ಸ್ಪೇನ್ ಸರ್ವಾಧಿಕಾರಿ ಫ್ರಾಂಕೋ ಕೈಯಲ್ಲಿತ್ತು. ಆ ಸರ್ಕಾರಕ್ಕೆ ಕಾಸ್ಟೀಲಿನ ವೀರರು ಬೇಕಿದ್ದರು, 1943ರಲ್ಲಿ ಬೂರ್ಗೋಸ್‌ನಲ್ಲಿ ಕಾಸ್ಟೀಲಿನ ಸಾವಿರ ವರ್ಷದ ಉತ್ಸವವನ್ನೇ ಮಾಡಿದ್ದರು. ಅಂಥ ಕಾಲದಲ್ಲಿ ಅಜ್ಜಿ ತೋದಾಳ ಪ್ರಯಾಣವನ್ನು ತೆರೆಗೆ ತರುವುದು ಸುಲಭವಿರಲಿಲ್ಲ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಸರಪಳಿ ಕವಚ ಬೇಕು. ಕೈಯಲ್ಲಿ ದುಡ್ಡಿಲ್ಲ. (ಪುತ್ತೂರು)

ಸಣ್ಣ ಬಜೆಟ್ ಚಿತ್ರಗಳವರು ಮಾಡಿದ್ದನ್ನೇ ಮಾಡಿ. ದಪ್ಪ ಹತ್ತಿ ಹುರಿಯನ್ನು ದಪ್ಪ ಕಡ್ಡಿಯಲ್ಲಿ ಸ್ವೆಟರ್ ಹಾಗೆ ಸಡಿಲವಾಗಿ ಹೆಣೆಯಿರಿ. ಮೊದಲು ಕಪ್ಪು ಬಣ್ಣದಲ್ಲಿ ಅದ್ದಿ, ಚೆನ್ನಾಗಿ ಒಣಗಿಸಿ. ಆಮೇಲೆ ಅಲ್ಯೂಮಿನಿಯಂ ಪೇಂಟನ್ನು ಬ್ರಷ್ ಒರೆಸಿಕೊಂಡು ಮೇಲೆ ಮೇಲೆ ಮಾತ್ರ ಸವರಿ. ಗುಂಡಿಗಳಲ್ಲಿ ಕಪ್ಪು ಉಳಿದರೇ ಕಬ್ಬಿಣದ ಹಾಗೆ ಕಾಣುವುದು. ಒಳಗೆ ತೋಳಿನ ಬನಿಯನ್ ಕಡ್ಡಾಯ. ಒಮ್ಮೆ ಒಬ್ಬ ಹುಡುಗನ ಕುತ್ತಿಗೆ ತುಂಬ ಗಂಧೆ ಎದ್ದಿತ್ತು, ಇವತ್ತಿಗೂ ನನಗೆ ಅದು ಮರೆತಿಲ್ಲ.

ನಿಜವಾದ ಕವಚ ಹತ್ತು ಕಿಲೋ ಆಸುಪಾಸು ತೂಗುತ್ತದೆ. ಆದ್ದರಿಂದ ನಟರು ಭಾರ ಹೊತ್ತವರ ಹಾಗೆ ನಡೆಯಬೇಕು, ಅದನ್ನು ಅಭ್ಯಾಸ ಮಾಡಿಸಿ. ಎಲ್ಲರಿಗೂ ಹೆಣೆಯಬೇಡಿ. ಆ ಕಾಲದಲ್ಲಿ ಕವಚ ಬಹಳ ದುಬಾರಿ, ಸಾಮಾನ್ಯ ಕಾಲಾಳಿಗೆ ಸಿಗುತ್ತಿರಲಿಲ್ಲ. ಒಡೆಯನಿಗೆ ಒಂದು, ಅವನ ಹತ್ತಿರದವರಿಗೆ ಒಂದೆರಡು ಸಾಕು. ಉಳಿದವರಿಗೆ ಒರಟು ಬಟ್ಟೆ, ಗುರಾಣಿ, ಈಟಿ.

ಪ್ರಶ್ನೆ: ಸಾಂಚಾ ಗಂಡನನ್ನು ಸೆರೆಯಿಂದ ಬಿಡಿಸಿದ್ದು ನಿಜವೇ? ಅವರ ಗುರುತು ಏನಾದರೂ ಉಳಿದಿದೆಯೇ? (ನರ್ಸ್, ಹಾಸನ)

ಬಿಡಿಸಿದ ಕಥೆ ಜನರ ಬಾಯಲ್ಲಿ ಬೆಳೆದದ್ದು. ಒಮ್ಮೆ ಸಂಕೋಲೆ ಹಾಕಿದ್ದ ಅವನನ್ನು ಬೆನ್ನ ಮೇಲೆ ಹೊತ್ತು ನಡೆದಳಂತೆ. ಇನ್ನೊಮ್ಮೆ ಸೆರೆಮನೆಯೊಳಗೆ ಬಟ್ಟೆ ಅದಲುಬದಲು ಮಾಡಿಕೊಂಡು ಅವನನ್ನು ಹೊರಗೆ ಕಳಿಸಿ ತಾನು ಒಳಗೆ ಉಳಿದಳಂತೆ. ಬಟ್ಟೆ ಹೊಲಿಯುವವಳಾಗಿ ನನಗೆ ಆ ಎರಡನೆಯದು ತುಂಬಾ ಇಷ್ಟ. ಕಥೆಯಲ್ಲಿ ಅವಳು ಹೊಸ ಹುಡುಗಿ. ಇತಿಹಾಸದಲ್ಲಿ ಇವನನ್ನು ಮದುವೆಯಾಗುವ ಹೊತ್ತಿಗೆ ಎರಡು ಸಲ ಗಂಡನನ್ನು ಕಳೆದುಕೊಂಡಿದ್ದಳು, ಅವರಲ್ಲಿ ಒಬ್ಬ ಲಿಯೋನಿನ ರಾಜ. ಅಷ್ಟು ಕಂಡ ಹೆಂಗಸು ತೆರೆಯ ಮೇಲೆ ಬಂದರೆ ಇನ್ನೂ ಗಟ್ಟಿ ಪಾತ್ರವಾಗುತ್ತದೆ.

ಇಬ್ಬರನ್ನೂ ಮೊದಲು ಅರ್ಲಾನ್ಸಾ ಮಠದಲ್ಲಿ ಹೂಳಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಮಠ ಮುಚ್ಚಿ ಹಾಳಾಯಿತು. 1841ರಲ್ಲಿ ಅವರ ಅಸ್ಥಿಗಳನ್ನು ಕೊವಾರ್ರೂಬಿಯಾಸ್‌ನ ಚರ್ಚಿಗೆ ತಂದರು. ಈಗಲೂ ಅಲ್ಲೇ ಇವೆ. ಫೆರ್ನಾನನ ಕಲ್ಲಿನ ಪೆಟ್ಟಿಗೆ ಸಾದಾ. ಸಾಂಚಾಳದು ಅವಳಿಗಿಂತ ಆರುನೂರು ವರ್ಷ ಹಳೆಯದು, ರೋಮನ್ನರ ಕಾಲದಲ್ಲಿ ಬೇರೆ ಯಾರಿಗೋ ಕೆತ್ತಿದ್ದು.